ಉಳಿದದ್ದು ನಿಮಗ

‘ರಾತ್ರಿ’ ಎಂದು ಬರೆದದ್ದು ಸರಿಯಾಗಿತ್ತು. ಅದೇ ತೊಂದರೆ.

ಕೇತನ ಮೊಬೈಲಿನ ಮೇಲೆ ಎರಡು ಬೆರಳು ಅಗಲಿಸಿ ಆ ಚೌಕಗಳನ್ನು ದೊಡ್ಡದು ಮಾಡಿದ. ಬಸ್ಸು ಕುಲುಕಿತು. ಪದಬಂಧ ಪರದೆಯ ಆಚೆಗೆ ಜಾರಿತು. ಮತ್ತೆ ಎಳೆದು ತಂದ. ಅಡ್ಡಸಾಲು, ಎರಡು ಅಕ್ಷರ: ದಿನದ ಕಡೆಯ ಊಟದ ಹೊತ್ತು. ನೀಲಿ ಶಾಯಿಯಲ್ಲಿ, ಅಳುಕಿಲ್ಲದೆ, ರಾತ್ರಿ.

ಹೆಂಡತಿ ನೂತನ ಹಾಗೆ ಬರೆಯುವವಳಲ್ಲ. ಸೂರ್ಯ ಮುಳುಗುವ ಮುಂಚೆ ಉಂಡು ಕೈತೊಳೆಯುವ ಜೈನರ ಮನೆಯಲ್ಲಿ ಹುಟ್ಟಿ, ಅಂಥದೇ ಮನೆಗೆ ಸೊಸೆಯಾಗಿ ಬಂದವಳು. ಹಿಂದೊಮ್ಮೆ ಇದೇ ಸುಳಿವು ಬಂದಾಗ ‘ಸಂಜೆ’ ಎಂದು ಬರೆದು, ಅದಕ್ಕೆ ಹೊಂದಲೆಂದು ಮೇಲಿನಿಂದ ಇಳಿಯುವ ಶಬ್ದವನ್ನೂ ಕೆಡಿಸಿದ್ದಳು. ಅವನು ಫೋನಿನಲ್ಲಿ ನಕ್ಕಾಗ, “ತಪ್ಪು ನಂದಲ್ರಿ, ಪೇಪರಿನವರದ್ದು” ಎಂದಿದ್ದಳು.

ಆ ನಗೆ ಅವನಿಗೆ ಇನ್ನೂ ನೆನಪಿತ್ತು. ಅದು ಅವನದಾಗಿತ್ತೋ ಇಬ್ಬರದಾಗಿತ್ತೋ ಎಂಬುದು ಮಾತ್ರ ಈಗ ಸ್ಪಷ್ಟವಿರಲಿಲ್ಲ.

ಫೋನು ಅಲುಗಿತು. ಅವನು ಕೆಲಸ ಮಾಡುವ ಸೈಜಿಂಗ್ ಕಾರ್ಖಾನೆಯ ಮಾಲಕ ಬಾಳಗೊಂಡ.

“ಎಲ್ಲಿ ಅದೀರಿ ಕೇತನ? ಬಾಯ್ಲರಿನ ಮಂದಿ ಬಂದಾರ, ನಾಳಿ ಚಾಲೂ ಮಾಡ್ತೀವಿ ಅಂತಾರ.”

“ಬಸ್ಸಿನ್ಯಾಗ ಅದೀನ್ರಿ. ಗಡಹಿಂಗ್ಲಜಕ್ಕ ಹೊಂಟೀನಿ.”

“ವಾರದ ನಡುವ? ಸ್ವಂತ ಹೆಂಡ್ತಿ ಕಡೇನ ಹೊಂಟೀರಿ ಹೌದಲ್ಲೊ?” ಬಾಳಗೊಂಡ ತನ್ನ ಮಾತಿಗೆ ತಾನೇ ನಕ್ಕ. “ಹೋಗಿ ಬರ್ರಿ. ನಾಳಿ ಮುಂಜಾನೆ ಇರ್ರಿ ಮತ್ತ.”

“ಇರ್ತೀನ್ರಿ.”

ಬಸ್ಸು ಇಚಲಕರಂಜಿ ಬಿಟ್ಟು ಕಾಗಲ ದಾಟಿ, ನಿಪ್ಪಾಣಿಯಲ್ಲಿ ಕರ್ನಾಟಕಕ್ಕೆ ಬಂದು, ಸಂಕೇಶ್ವರದ ಹತ್ತಿರ ಮತ್ತೆ ಮಹಾರಾಷ್ಟ್ರದ ಕಡೆ ಹೊರಳುವುದರಲ್ಲಿತ್ತು. ಹೆಂಡತಿಯನ್ನು ನೋಡಲು ಅವನು ಪ್ರತಿಸಲ ಒಂದು ರಾಜ್ಯವನ್ನು ಹೊಕ್ಕು ಹೊರಬೀಳಬೇಕಾಗಿತ್ತು. ಅದರ ಬಗ್ಗೆ ಅವನಿಗೆ ಬೇಸರವಿರಲಿಲ್ಲ. ಬೇಸರಪಡುವುದು ಅವನ ಅಭ್ಯಾಸವಲ್ಲ.

ಇಬ್ಬರೂ ಶಿರೋಳ ತಾಲೂಕಿನ ಕನ್ನಡ ಶಾಲೆಗಳಲ್ಲಿ ಕಲಿತವರು. ಮುಂದಿನದೆಲ್ಲ ಮರಾಠಿ, ಇಂಗ್ಲಿಷು. ಕೊಲ್ಹಾಪುರದಲ್ಲಿ ಎಂ.ಎಸ್ಸಿ. ಮಾಡುವಾಗ ವಾಚನಾಲಯದಲ್ಲಿ ಒಂದು ಕನ್ನಡ ಪತ್ರಿಕೆಯ ಪದಬಂಧದ ಮೇಲೆ ಎರಡು ಪೆನ್ನು ಕೂಡಿದ್ದವು. ಅವನದು ರಸಾಯನಶಾಸ್ತ್ರ, ಅವಳದು ಗಣಿತ. ಈಗ ಅವನು ಸೈಜಿಂಗಿನ ಲ್ಯಾಬಿನಲ್ಲಿ ನೂಲಿಗೆ ಗಂಜಿ ಎಷ್ಟು ಹಿಡಿದಿದೆ, ಮಗ್ಗದ ಹೊಡೆತಕ್ಕೆ ಎಳೆ ತಡೆದೀತೇ ಎಂದು ನೋಡುತ್ತಾನೆ. ಅವಳು ಗಡಹಿಂಗ್ಲಜದ ಜೂನಿಯರ್ ಕಾಲೇಜಿನಲ್ಲಿ ಗಣಿತ ಹೇಳುತ್ತಾಳೆ. ಹೀಗೆ ಎರಡು ಊರಾಗಿ ನಾಲ್ಕು ವರ್ಷವಾಯಿತು. ಮಕ್ಕಳಿಲ್ಲ.

ಗಡಹಿಂಗ್ಲಜಕ್ಕೆ ಕನ್ನಡ ಪತ್ರಿಕೆ ಬರುತ್ತದೆ, ಅವನ ಓಣಿಗೆ ಬರುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಅವಳು ಪದಬಂಧದ ಅರ್ಧ ತುಂಬಿ, ಫೋಟೊ ತೆಗೆದು, ಕೆಳಗೆ ‘ಉಳಿದದ್ದು ನಿಮಗ’ ಎಂದು ಬರೆದು ಕಳಿಸುವಳು. ಅವನು ಗ್ರಾಫ್ ಹಾಳೆಯ ಮೇಲೆ ಚೌಕ ಎಳೆದು, ನೂಲಿನ ಮೊದಲ ಮಾದರಿ ಬರುವುದರೊಳಗೆ ಪೂರ್ತಿ ಮಾಡಿ, ತಿರುಗಿ ಕಳಿಸುವನು. ಎರಡು ಮುಗಿದ ಕೈಗಳ ಚಿತ್ರ ಬರುವುದು. ಆ ಕೈಗಳನ್ನು ನೋಡಿದ ಮೇಲೆ ಅವನ ದಿನ ಶುರುವಾಗುತ್ತಿತ್ತು.

ಬೇರೆಯವರ ಹೆಂಡಂದಿರು ಫೋನಿನಲ್ಲಿ ಜಗಳಾಡುತ್ತಾರೆ. ತನಗೆ ಹೀಗೊಬ್ಬಳು ಸಿಕ್ಕಳಲ್ಲ ಎಂದು ಅವನು ಎಷ್ಟೋ ಸಲ ಗಂಜಿಯ ಬೀಕರನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತದ್ದುಂಟು. ಮೊನ್ನೆಯ ಮಳೆಗಾಲದಲ್ಲಿ ಜ್ವರ ಬಂದು ಮಲಗಿದ್ದಾಗ ಅವಳು ಹೆಚ್ಚುಕಡಿಮೆ ಎಲ್ಲವನ್ನೂ ತಾನೇ ತುಂಬಿ, ಒಂದು ಮೂಲೆಯಲ್ಲಿ ಸುಲಭದ ನಾಲ್ಕು ಚೌಕ ಮಾತ್ರ ಬಿಟ್ಟಿದ್ದಳು. ಆ ನಾಲ್ಕು ಖಾಲಿ ಚೌಕ ನೋಡಿ ಅವನ ಕಣ್ಣು ತುಂಬಿತ್ತು. ಬೇರೆ ಯಾವ ಮಾತಿನಿಂದಲೂ ಅವಳು ಅದನ್ನು ಹೇಳಲಾರಳು ಎಂದುಕೊಂಡಿದ್ದ.

ಅವನು ಅವಳ ಸರಿ ಉತ್ತರಗಳನ್ನು ಗಮನಿಸುತ್ತಿರಲಿಲ್ಲ. ಸರಿ ಉತ್ತರ ಎಲ್ಲರದೂ ಒಂದೇ. ತಪ್ಪು ಮಾತ್ರ ಅವರವರದು. ಪದಬಂಧ ಬಿಡಿಸುವವರ ತಪ್ಪುಗಳೇನೂ ಅಪಾರವಲ್ಲ. ನೂಲು ಹರಿಯುವ ಕಾರಣಗಳಷ್ಟೇ ಇರಬಹುದು. ಮೊದಲು ಹೊಳೆದ ಶಬ್ದವನ್ನೇ ಶಾಯಿಯಲ್ಲಿ ಬರೆದುಬಿಡುವವರಿದ್ದಾರೆ. ನೂತನ ಆ ಜಾತಿ. ಅಡ್ಡಬರುವ ಶಬ್ದದ ಒಂದೇ ಅಕ್ಷರ ಕೂಡಿಬಿಟ್ಟರೆ ಸಾಕು, ಇಡೀ ಶಬ್ದ ಸರಿಯೆಂದು ನಂಬಿ ಮುಂದೆ ಹೋಗುವವರು ಇನ್ನೂ ಹೆಚ್ಚು. ತಪ್ಪು ಗೊತ್ತಾದ ಮೇಲೂ ಅಳಿಸಲು ಮನಸ್ಸಾಗದೆ, ಅದಕ್ಕೆ ಹೊಂದುವ ಹಾಗೆ ಸುತ್ತಲಿನದನ್ನೆಲ್ಲ ತಿದ್ದುತ್ತ ಹೋಗುವುದು ಇನ್ನೊಂದು. ಹೀಗೆ ಮಾಡುವವರಿಗೆ ಕೊನೆಗೆ ಒಂದು ಮೂಲೆ ಎಂದೂ ತುಂಬುವುದಿಲ್ಲ, ಯಾಕೆಂದು ತಿಳಿಯುವುದೂ ಇಲ್ಲ. ಮತ್ತೆ, ಸುಳಿವಿನಲ್ಲಿ ಇಲ್ಲದ್ದನ್ನು ತಮ್ಮ ಮನೆಯಿಂದ ತಂದು ಓದುವವರು. ಈ ಕೊನೆಯ ತಪ್ಪು ಅವನಿಗೆ ಬಹಳ ಪ್ರಿಯ. ಅದರಲ್ಲಿ ಮನುಷ್ಯನ ಮನೆ ಕಾಣುತ್ತದೆ.

ಈಗ ಬಸ್ಸಿನಲ್ಲಿ, ಆ ಕಂಬಳಿ ನೆನಪಾಯಿತು.

ಹೋದ ಚಳಿಗಾಲದ ಒಂದು ಬೆಳಿಗ್ಗೆ, ‘ಮಲಗುವಾಗ ಮೈಮೇಲೆ’ ಎಂಬ ಸುಳಿವಿಗೆ ಮೂರು ಚೌಕದಲ್ಲಿ ‘ಕಂಬಳಿ’ ಎಂದು ಬಂದಿತ್ತು. ಉತ್ತರ ‘ಹೊದಿಕೆ’. ಅದು ತಪ್ಪೇ ಸರಿ, ಆದರೆ ಇಚಲಕರಂಜಿಯಲ್ಲಿ ಸಂಸಾರ ಮಾಡಿದವಳ ತಪ್ಪಲ್ಲ. ಆ ಊರಿನ ಯಾರಾದರೂ ಆ ಮೂರು ಚೌಕದಲ್ಲಿ ‘ಚಾದರ’ ಎಂದು ಬರೆದು ತಪ್ಪುತ್ತಾರೆ. ಕಂಬಳಿ ಬರೆದು ತಪ್ಪುವವರು ಕುರಿ ಕಾಯುವವರು. ಆಗ ಅವನು, ಗಡಹಿಂಗ್ಲಜದ ಚಳಿ ಅವಳಿಗೆ ಹತ್ತಿದೆ ಎಂದು ತಿಳಿದು, ಸಂಬಳವಾದ ಮೇಲೆ ಒಂದು ಉಣ್ಣೆಯ ಶಾಲು ಕಳಿಸಿದ್ದ.

ಚೌಕದೊಳಗೆ ಕೂತ ಅಕ್ಷರಕ್ಕೆ ಕೈಬರಹವೇ ಇರುವುದಿಲ್ಲ. ಎಲ್ಲರೂ ಒಂದನೇ ಇಯತ್ತೆಯ ಮಗುವಿನ ಹಾಗೆ ಬಿಡಿಸಿ ಬರೆಯುತ್ತಾರೆ. ಕೇತನ ಹಳೆಯ ಫೋಟೊಗಳನ್ನು ಹಿಂದಕ್ಕೆ ತಳ್ಳುತ್ತ ಹೋದ. ಇತ್ತೀಚಿನವುಗಳಲ್ಲಿ ಶಬ್ದ ಗೊತ್ತಿದ್ದೂ ಕೊನೆಯ ಅಕ್ಷರ ಬಿಟ್ಟ ಸಾಲುಗಳಿದ್ದವು; ಅಂಜುತ್ತ ಬರೆಯುವವರು ಹಾಗೆ ಬಿಡುತ್ತಾರೆ. ಹೋದ ವರ್ಷದ ದೀಪಾವಳಿಯ ಹಿಂದಿನವುಗಳಲ್ಲಿ ಅಂಥ ಒಂದೂ ಇರಲಿಲ್ಲ. ಅಲ್ಲಿಯವರೆಗೆ ತಪ್ಪೆಲ್ಲ ದಿಟ್ಟವಾಗಿತ್ತು.

ಅವನು ಫೋನನ್ನು ಜೇಬಿಗಿಟ್ಟ. ಲ್ಯಾಬಿನಲ್ಲಾದರೆ ಇಷ್ಟು ಸಾಕು, ಮಾದರಿ ಬದಲಾಗಿದೆ ಎಂದು ಬರೆದುಬಿಡುತ್ತಿದ್ದ. ತುಂಬುವ ಕೈ ಬೇರೆಯದಾಗಿತ್ತು.

ಸ್ಟಾಫ್‌ರೂಮಿನ ಒಬ್ಬ ಗಂಡಸು ಅವನ ಕಣ್ಣಿಗೆ ಕಟ್ಟಿದ. ಕಟ್ಟುಮಸ್ತಾದವನೇನಲ್ಲ, ಸ್ವೆಟರ್ ಹಾಕಿದವನು, ಪೆನ್ನನ್ನು ತುಟಿಗೆ ಒತ್ತಿ ಯೋಚಿಸುವವನು. ಅವನ ಭುಜದ ಹತ್ತಿರ ನೂತನ ಬಾಗಿದ್ದಾಳೆ. ಈ ಚಿತ್ರ ತನಗೆ ನೋವು ಕೊಡಬೇಕಿತ್ತು ಎಂದು ಕೇತನನಿಗೆ ತಿಳಿಯಿತು. ಕೊಟ್ಟಿತು ಕೂಡ. ಆದರೆ ನೋವಿನ ಅಡಿಯಲ್ಲಿ ಸಣ್ಣ ನಿರಾಳವೂ ಇತ್ತು: ಒಬ್ಬ ಇದ್ದರೆ, ಕಾರಣವೂ ಒಂದಿದೆ.

ಗಡಹಿಂಗ್ಲಜದಲ್ಲಿ ಇಳಿದು ಆಟೊ ಹಿಡಿದ. ನೂತನ ಬಾಡಿಗೆಗಿದ್ದ ಮನೆಯ ಕಟ್ಟೆಯ ಮೇಲೆ ಮಾಲಕಿ ಬೀರವ್ವ ಕಾಲು ಚಾಚಿ ಕೂತಿದ್ದಳು. ಅವಳ ಗಂಡ ಎಸ್.ಟಿ. ಬಸ್ಸಿನ ಡ್ರೈವರ್ ಇದ್ದವನು, ತೀರಿಕೊಂಡು ವರ್ಷಗಳಾಗಿದ್ದವು. ತವರಿನವರು ಗಡಿಯಾಚೆ ಇನ್ನೂ ಕುರಿ ಕಾಯುತ್ತಾರೆ. ಕೇತನ ಇಷ್ಟು ಸಲ ಬಂದು ಹೋದರೂ ಅವಳ ಜೊತೆ ‘ಆರಾಮಾ?’ ‘ಆರಾಮ್ರಿ’ ದಾಟಿ ಮಾತಾಡಿದವನಲ್ಲ. ಅವಳ ತೊಡೆಯ ಮೇಲೆ ಪತ್ರಿಕೆ ಇತ್ತು. ಪೆನ್ನು ತುರುಬಿನಲ್ಲಿತ್ತು.

ಅವನು ಪೆನ್ನನ್ನೇ ನೋಡಿದ.

“ಬರ್ರಿ ಬರ್ರಿ ಸಾಹೇಬ್ರ. ಬಾಯಾರು ಇನ್ನಾ ಕಾಲೇಜಿಂದ ಬಂದಿಲ್ಲ. ಫೋನ್ ಮಾಡಿದ್ದಿಲ್ಲೇನ್ರಿ?”

“ಇಲ್ಲ ಮಾವಶಿ. ಸುಮ್ಮನ ಬಂದೆ.”

“ಇಷ್ಟ ದೂರ ಸುಮ್ಮನ ಯಾರ ಬರ್ತಾರ್ರಿ? ಹೆಂಡ್ತಿ ನೆನಪಾಗ್ಯಾಳ ಅನ್ರಿ. ಅನ್ನಾಕೇನ ರೊಕ್ಕಾ ಬೀಳ್ತಾವ?” ಸರಿದು ಜಾಗ ಮಾಡಿದಳು. “ಕುಂಡ್ರಿ. ನೀವು ಬಂದದ್ದು ಛಲೋ ಆತು. ನಂಗೊಂದು ಕೇಳೂದೈತಿ.”

ಅವನು ಕೂತ.

“ಇದ ನೋಡ್ರಿ. ‘ಹೊಳೆ ದಾಟಿಸುವವನು’, ಮೂರು ಮನಿ. ಮುಂಜಾನಿಂದ ತಲಿ ತಿನ್ನಾಕತ್ತೈತಿ. ನೀವು ಏನ ತುಂಬಿದ್ರಿ? ಬಾಯಾರು ಇವತ್ತ ನಿಮ್ಮದು ತೋರಿಸ್ಲೇ ಇಲ್ಲ.”

ಕಟ್ಟೆಯ ಕಲ್ಲು ಬಿಸಿಯಾಗಿತ್ತು. ದಾರಿಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು. ಅದು ಹೋಗುವ ತನಕ ಅವನು ಪತ್ರಿಕೆಯಲ್ಲಿದ್ದ ನೀಲಿ ಶಾಯಿಯ ‘ರಾತ್ರಿ’ಯನ್ನು ನೋಡಿದ.

“ಅಂಬಿಗ,” ಎಂದ.

“ಅಯ್ಯ ನನ ಶಿವನ!” ಬೀರವ್ವ ಹಣೆ ಬಡಿದುಕೊಂಡು ಪೆನ್ನು ಕಿತ್ತಳು. “ನಾ ‘ಡ್ರೈವರ್’ ಅಂತ ಬರಿಯಾಕಿ ಇದ್ದೆ. ನಮ್ಮನಿಯವರು ಹಿರಣ್ಯಕೇಶಿ ಹೊಳಿ ಪೂಲ್ ಮ್ಯಾಲಿಂದ ದಿನಾ ಎಷ್ಟ ಮಂದೀನ ದಾಟಸ್ತಿದ್ರು. ಮೂರು ಮನಿ ಬರೋಬರಿ ಕುಂತಿತ್ತು. ಆದ್ರ ನೀವು ನಗ್ತೀರಿ ಅಂತ ಬಿಟ್ಟೆ.”

ಅವನು ನಕ್ಕ. ನಿಜವಾಗಿ ನಗೆ ಬಂದಿತ್ತು. ಆಮೇಲೆ ಆ ನಗೆಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

“ದೀಪಾಳಿಯಿಂದ ನೀವೇ ತುಂಬಾಕತ್ತೀರಲ್ಲ?” ಗೊತ್ತಿದ್ದವನ ಹಾಗೆ ಕೇಳಿದ.

“ಹೌದ್ರಿ, ದೀಪಾಳಿಂದ. ಬಾಯಾರಿಗೆ ಮುಂಜಾನೆ ಪುರಸತ್ತಿಲ್ಲ. ನೀವ ತುಂಬ್ರಿ ಮಾವಶಿ, ಅವರಿಗೆ ದಿನಾ ಇದೊಂದು ಹೋದ್ರ ಸಾಕು, ಸಮಾಧಾನ ಇರ್ತಾರ, ಅಂದ್ರು.” ಅಂಬಿಗನ ಮೂರು ಅಕ್ಷರಗಳನ್ನು ಒಂದೊಂದಾಗಿ ಕೂರಿಸುತ್ತ ಅವಳು ತಲೆಯೆತ್ತಲಿಲ್ಲ. “ನಿಮಗ ಗೊತ್ತೈತಲ್ಲರಿ?”

“ಗೊತ್ತೈತಿ.”

“ನಂಗ ಕನ್ನಡ ಸಾಲಿ ಏಳನೇತ್ತಾ ಅಷ್ಟ ಆಗೈತಿ. ತಪ್ಪ ಆಗ್ತಾವ. ಆದ್ರ ನೀವು ಸಿಟ್ಟಿಗೇಳೂದಿಲ್ಲ, ನೆಟ್ಟಗ ಮಾಡಿ ಕಳಸ್ತೀರಿ. ನಾ ಹೊಳ್ಳಿ ಹೊಳ್ಳಿ ನೋಡ್ತೀನಿ. ನಮ್ಮನಿಯವರು ಹೋದ ಮ್ಯಾಲ ನನ್ನ ತಪ್ಪ ಹಿಡಿಯಾಂವ ಯಾರೂ ಇದ್ದಿದ್ದಿಲ್ಲ ನೋಡ್ರಿ. ಎಲ್ಲಾರೂ ‘ಹೂಂ ಆಯಿ, ಹೂಂ ಆಯಿ’ ಅಂತಾರ.” ಅವಳು ಪೆನ್ನನ್ನು ಮತ್ತೆ ತುರುಬಿಗೆ ಸಿಕ್ಕಿಸಿದಳು. “ನಿಮ್ಮ ಉಪಕಾರ ಭಾಳ ಐತಿ ಸಾಹೇಬ್ರ.”

“ಜ್ವರ ಬಂದಿತ್ತಲ್ಲ ನನಗ, ಮಳಿಯಾಗ,” ಎಂದ. ತಾನು ಕೇಳಲು ಹೊರಟದ್ದೇನೆಂದು ಅವನಿಗೆ ಗೊತ್ತಿತ್ತು. ನಿಲ್ಲಿಸಬಹುದಾಗಿತ್ತು.

“ಹೂಂ, ಬಾಯಾರು ಹೇಳಿದ್ರು, ಅವರಿಗೆ ಆರಾಮಿಲ್ಲ ಅಂತ. ಪಾಪ, ಬಿದ್ದ ಮನಷ್ಯಾಗ ಯಾಕ ತ್ರಾಸ ಅಂತ ಅವತ್ತ ಅಷ್ಟೂ ನಾನ ಕುಂತ ತುಂಬಿದೆ. ಮೂಲ್ಯಾಗ ನಾಕ ಮನಿ ಬಿಟ್ಟಿದ್ದೆ. ಪೂರಾ ತುಂಬಿದ್ರ ನೀವು ಬ್ಯಾಸರ ಮಾಡ್ಕೋತೀರಿ ಅಂತ.”

ಕೇತನ ಬಗ್ಗಿ ಬೂಟಿನ ಲೇಸು ಬಿಚ್ಚಿದ. ಬಿಚ್ಚಿದ್ದನ್ನು ಮತ್ತೆ ಕಟ್ಟಿದ.

“ಮಾವಶಿ,” ಎಂದ. “ನಾನೂ ನಿಮಗ… ಅಂದ್ರ, ಆ ನಾಕ ಮನಿ… ಭಾಳ ಛಲೋ ಮಾಡಿದ್ರಿ.”

“ಅದರಾಗೇನ್ರಿ!” ಬೀರವ್ವ ನಾಚಿದಳು. “ಚಹಾ ಮಾಡ್ತೀನಿ. ಸಕ್ಕರಿ ಎಷ್ಟ ಹಾಕ್ಲಿ?”

ಅವಳಿಗೆ ಅವನ ಸಕ್ಕರೆ ಗೊತ್ತಿರಲಿಲ್ಲ. ತಪ್ಪುಗಳೆಲ್ಲ ಗೊತ್ತಿದ್ದವು.

ನೂತನ ಬಂದಾಗ ಅವನು ಒಳಗೆ ಅವಳ ಕೋಣೆಯಲ್ಲಿದ್ದ. ಸ್ಕೂಟಿ ನಿಲ್ಲಿಸಿದ ಸದ್ದು, ಆಮೇಲೆ ಬೀರವ್ವನ ಸಂಭ್ರಮದ ದನಿ. ಬಾಗಿಲಲ್ಲಿ ಅವಳು ಕಂಡಾಗ ಮುಖದ ಮೇಲೆ ನಗು ಸಿದ್ಧವಾಗಿತ್ತು.

“ಏನ್ರಿ, ಒಮ್ಮಿಂದೊಮ್ಮೆಲೆ?”

“ಬಾಯ್ಲರ್ ಕೆಟ್ಟೈತಿ.”

“ಹೌದಾ. ದೊಡ್ಡ ಕೆಲಸ ಏನು?”

“ನಾಳಿ ಚಾಲೂ ಆಗ್ತೈತಿ.”

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮುಖ ತೊಳೆದು ಬಂದು, ರೊಟ್ಟಿಗೆ ಹಿಟ್ಟು ನಾದತೊಡಗಿದಳು. ಹೊತ್ತು ಮುಳುಗುವ ಮುಂಚೆ ಇಬ್ಬರ ಊಟವಾಗಬೇಕಿತ್ತು. ಅವನು ಗೋಡೆಗೆ ಒರಗಿ ಕೂತು ಅವಳ ಮೊಣಕೈ ಹಿಂದೆ ಮುಂದೆ ಆಡುವುದನ್ನು ನೋಡಿದ. ಆ ಕೈ ಅವನಿಗೆ ಚೆನ್ನಾಗಿ ಪರಿಚಯವಿತ್ತು. ಪರಿಚಯವಿದೆ ಎಂದು ಗೊತ್ತಾಗುವ ಮಟ್ಟಿಗೆ ಪರಿಚಯವಿತ್ತು.

“ರಾತ್ರಿ ಅಂತ ಬರದಿದ್ದಿ,” ಎಂದ.

“ಏನು?”

“ಇವತ್ತಿಂದರಾಗ. ಎರಡಕ್ಷರದ್ದು.”

“ಹಾಂ.” ಹಿಟ್ಟಿನಿಂದ ಕಣ್ಣೆತ್ತಲಿಲ್ಲ. “ಸರಿ ಐತಲ್ಲ?”

“ಸರಿ ಐತಿ.”

ರೊಟ್ಟಿ ಬಡಿಯುವ ಸದ್ದು. ಮೊದಲನೆಯದು ಹಂಚಿನ ಮೇಲೆ ಬಿತ್ತು. ಅವಳು ಅದರ ಮೇಲೆ ನೀರು ಸವರಿ, ತಿರುವಿ ಹಾಕಿದಳು.

“ಮಾವಶಿ ಹೇಳಿದ್ರೇನು?”

“ಹಾಂ.”

“ಸಿಟ್ಟಾಗಬ್ಯಾಡ್ರಿ.”

“ಸಿಟ್ಟಿಲ್ಲ.”

ಅವನು ತನ್ನೊಳಗೆ ಹುಡುಕಿದ. ನಿಜಕ್ಕೂ ಇರಲಿಲ್ಲ. ಅಲ್ಲಿ ಒಂದು ಖಾಲಿ ಜಾಗವಿತ್ತು, ಸುತ್ತಲಿನ ಎಲ್ಲ ಅಕ್ಷರಗಳು ಗೊತ್ತಿದ್ದೂ ಹೊಳೆಯದ ಶಬ್ದದ ಹಾಗೆ.

“ಬಂದ್ ಮಾಡಬೇಕಿತ್ತು,” ಎಂದಳು. “ನಂಗೂ ಅನಸ್ತಿತ್ತು. ಆದ್ರ ಬಂದ್ ಮಾಡಿದ್ರ ನೀವು ಯಾಕ ಅಂತ ಕೇಳ್ತಿದ್ರಿ.”

“ಯಾಕ?”

“ನೋಡ್ರಿ. ಈಗ ಕೇಳಿದ್ರಿ.”

ಇಬ್ಬರೂ ನಕ್ಕರು. ಒಂದೇ ಹೊತ್ತಿಗೆ ನಕ್ಕರು, ಒಂದೇ ಹೊತ್ತಿಗೆ ನಿಲ್ಲಿಸಿದರು.

ಅವಳು ತಾಟು ಇಟ್ಟು, ರೊಟ್ಟಿ, ಬೆಂಡೆಕಾಯಿ, ಶೇಂಗಾ ಚಟ್ನಿ ಬಡಿಸಿದಳು. ತನಗೂ ಹಾಕಿಕೊಂಡು ಎದುರು ಕೂತಳು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಪ್ರಶ್ನೆ ಅವನ ಬಾಯಲ್ಲಿ ರೊಟ್ಟಿಯ ಜೊತೆ ತಿರುಗಿತು. ಅವಳು ಅದನ್ನು ತಾನೇ ಎತ್ತಿಕೊಂಡಳು.

“ಯಾರೂ ಇಲ್ರಿ.”

“ನಾ ಕೇಳ್ಲಿಲ್ಲ.”

“ಕೇಳಾಕ ಬಂದೀರಿ. ಯಾರೂ ಇಲ್ಲ. ಇದ್ದಿದ್ರ ಹೇಳಾಕ ಸಸಾರ ಆಗ್ತಿತ್ತು.” ಬೆಂಡೆಕಾಯಿಯ ಒಂದು ಹೋಳನ್ನು ತಾಟಿನ ಅಂಚಿಗೆ ಸರಿಸಿದಳು. “ನೀವು ಭಾಳ ಛಲೋ ಮನಷ್ಯಾರು. ನಾಕ ವರ್ಷದಾಗ ಒಂದಿನಾನೂ ಬ್ಯಾರೆ ಏನೂ ಕೇಳ್ಲಿಲ್ಲ. ಬಾ ಅನ್ಲಿಲ್ಲ, ಯಾವಾಗ ಬರ್ತಿ ಅನ್ಲಿಲ್ಲ. ಮುಂಜಾನೆ ಅದೊಂದು ಹೋದ್ರ ಸಾಕು ನಿಮಗ. ನಾ ನಿಮಗ ಎಷ್ಟ ಋಣಿ ಅದೀನಿ ಅನ್ನೂದು ನಿಮಗ ಗೊತ್ತಿಲ್ಲ.”

ಅವಳ ಕಣ್ಣು ತೇವವಾಗಿತ್ತು. ಅದರಲ್ಲಿ ಸುಳ್ಳಿರಲಿಲ್ಲ. ಅವನು ಅಷ್ಟು ವರ್ಷಗಳಲ್ಲಿ ಅವಳಿಂದ ಕೇಳಿದ ಅತ್ಯಂತ ಪ್ರೀತಿಯ ಮಾತು ಅದು, ಎಂದು ಅವನಿಗೆ ಅನಿಸಿತು. ತಾನು ಪ್ರಶ್ನೆ ಕೇಳದೇ ಇದ್ದದ್ದು ಸಂಯಮವೆಂದು ತಿಳಿದಿದ್ದ. ಒಂದು ಅಕ್ಷರ ಕೂಡಿತ್ತು; ಇಡೀ ಶಬ್ದ ಸರಿಯೆಂದು ಮುಂದೆ ಹೋಗಿದ್ದ.

“ಈಗ ಬಾ ಅಂದ್ರ?” ಎಂದ.

ಅವಳು ಅವನ ತಾಟು ನೋಡಿದಳು. “ಇನ್ನೊಂದು ರೊಟ್ಟಿ ಹಾಕ್ಲ್ಯಾ?”

“ಅರ್ಧ ಹಾಕು.”

ಅರ್ಧ ಹಾಕಿದಳು. ಉಳಿದರ್ಧ ತಾನು ತೆಗೆದುಕೊಂಡಳು. ಇಬ್ಬರೂ ಕೊನೆಯ ತುತ್ತಿನ ತನಕ ಉಂಡರು. ಯಾರೂ ಅವಸರ ಮಾಡಲಿಲ್ಲ.

“ನಾಳಿಂದ?” ಕೈ ತೊಳೆಯುವಾಗ ಅವನು ಕೇಳಿದ.

“ನೀವು ಹೆಂಗ ಅಂತೀರಿ ಹಂಗ. ಮಾವಶಿನೇ ಕಳಸ್ಲಿ ಅಂದ್ರ ಅವರ ನಂಬರ್ ಕೊಡ್ತೀನಿ. ಇಲ್ಲಾಂದ್ರ ನಾ ಕಳಸ್ತೀನಿ.” ಟವೆಲ್ ಚಾಚಿದಳು. “ಬ್ಯಾಡ ಅಂದ್ರ ಬಿಡೂಣು.”

ಅವನು ಟವೆಲ್ಲಿನಲ್ಲಿ ಒಂದೊಂದು ಬೆರಳನ್ನೂ ಒರೆಸಿದ. ಬೇಡ ಎಂದರೆ ಒಬ್ಬ ಮುದುಕಿಯ ತಪ್ಪು ತಿದ್ದುವವರಿಲ್ಲ. ಬೇಕು ಎಂದರೆ ಇವಳು ಇನ್ನೂ ಹೆಚ್ಚು ಋಣಿಯಾಗುತ್ತಾಳೆ.

“ವಿಚಾರ ಮಾಡ್ತೀನಿ,” ಎಂದ.

“ಮಾಡ್ರಿ,” ಎಂದಳು ನೂತನ, ಅವನು ಏನೋ ದೊಡ್ಡ ಸಹಾಯ ಮಾಡಿದವನೆಂಬಂತೆ.

ಹೊರಡುವಾಗ ಬೀರವ್ವ ಬಲವಂತ ಮಾಡಿ ಒಂದು ಚೀಲ ಶೇಂಗಾ ಕೊಟ್ಟಳು. ನೂತನ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಸ್ಟ್ಯಾಂಡಿಗೆ ಬಿಟ್ಟಳು. ದಾರಿಯಲ್ಲಿ ಅವನು ಅವಳ ಭುಜ ಹಿಡಿಯಬೇಕೋ ಸೀಟಿನ ಹಿಂದಿನ ಕಂಬಿ ಹಿಡಿಯಬೇಕೋ ಎಂದು ಯೋಚಿಸುವುದರಲ್ಲಿ ಸ್ಟ್ಯಾಂಡು ಬಂತು. ಇಚಲಕರಂಜಿಯ ಬಸ್ಸು ನಿಂತಿತ್ತು.

“ಮುಟ್ಟಿದ ಮ್ಯಾಲ ಮೆಸೇಜ್ ಹಾಕ್ರಿ.”

“ಹಾಕ್ತೀನಿ. ನೀ ಹೋಗು, ಕತ್ತಲಾಗ್ತೈತಿ.”

“ಇಲ್ಲ, ಬಸ್ಸು ಬಿಡೂತನ ನಿಲ್ತೀನಿ.”

ಅವನಿಗೆ ಕೃತಜ್ಞತೆ ಅನಿಸಿತು. ಅದನ್ನು ತಡೆಯುವುದು ಅವನಿಂದಾಗಲಿಲ್ಲ. ಹತ್ತಿ, ನಡುವಿನ ಒಂದು ಕಿಟಕಿಯ ಹತ್ತಿರ ಕೂತ. ಗಾಜು ಸರಿಯಲಿಲ್ಲ. ಕಂಡಕ್ಟರ್ ಎರಡು ಸಲ ಗಂಟೆ ಹೊಡೆದ. ಬಸ್ಸು ಹಿಂದಕ್ಕೆ ಸರಿದು, ಹೊರಳಿ, ತನ್ನ ಇಡೀ ಮಗ್ಗುಲನ್ನು ಮುಳುಗುವ ಸೂರ್ಯನಿಗೆ ಒಡ್ಡಿತು. ಗಾಜುಗಳೆಲ್ಲ ಒಮ್ಮೆಗೇ ಕೆಂಪಾದವು.

ಕಂಬದ ಹತ್ತಿರ ನೂತನ ಕಣ್ಣು ಕಿರಿದು ಮಾಡಿ ಕಿಟಕಿಯಿಂದ ಕಿಟಕಿಗೆ ಹುಡುಕಿದಳು. ಕನ್ನಡಕವಿರಲಿಲ್ಲ. ಹುಡುಕುತ್ತ ಬಂದು ಒಂದು ಕಡೆ ನಿಂತಳು, ಮುಖ ಅರಳಿತು, ಕೈಯೆತ್ತಿ ಬೀಸಿದಳು. ಅದು ಅವನ ಮುಂದಿನ ಸೀಟಿನ ಕಿಟಕಿ.

ಅಲ್ಲಿ ತಲೆಗೆ ವಸ್ತ್ರ ಸುತ್ತಿದ ಒಬ್ಬ ಅಪರಿಚಿತ ಕೂತಿದ್ದ. ಅವನು ಹಿಂದೆ ಮುಂದೆ ನೋಡಿದ. ತನಗೇ ಎಂದು ಖಾತ್ರಿಯಾಗದೆ ಸ್ವಲ್ಪ ತಡೆದ. ಆಮೇಲೆ, ಅಷ್ಟು ಪ್ರೀತಿಯಿಂದ ಬೀಸುವ ಹೆಂಗಸಿಗೆ ಬೇಸರವಾಗಬಾರದೆಂದೋ ಏನೋ, ಮೆಲ್ಲಗೆ ತನ್ನ ಕೈಯನ್ನೂ ಎತ್ತಿದ. ನೂತನ ಇನ್ನೂ ಜೋರಾಗಿ ಬೀಸಿದಳು. ಎರಡು ಹೆಜ್ಜೆ ಬಸ್ಸಿನ ಜೊತೆ ನಡೆದಳು.

ಕೇತನನ ಎರಡೂ ಕೈ ಶೇಂಗಾದ ಚೀಲದ ಮೇಲಿದ್ದವು. ಬಸ್ಸು ಗೇಟು ದಾಟಿ ಸಂಕೇಶ್ವರದ ರಸ್ತೆಗೆ ಹೊರಳುವ ತನಕ ಮುಂದಿನ ಸೀಟಿನವನು ಕೈ ಇಳಿಸಲಿಲ್ಲ.